ಕೆಳಮನೆಯ ಊಟ

ಹಿರಿಸೊಸೆ ಕೆಳಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ಜೋಡಿಸುತ್ತಿದ್ದಳು. ಜೋಡಿಸುವುದು ನೆಪ, ಎಣಿಸುವುದೇ ಅಸಲು ಕೆಲಸ. ಅರವತ್ತೆರಡು, ಅರವತ್ತಮೂರು. ಮೆಟ್ಟಿಲ ಮೇಲೆ ಜಾಗ ಸಾಲದೆ ಇನ್ನೊಂದು ಸಾಲು ರಸ್ತೆಗೆ ಇಳಿದಿತ್ತು. ಬಸ್ ಡಿಪೋದಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದ ಕಿರಿಸೊಸೆಯ ಸಾವಿಗೆ ಇಷ್ಟು ಜನವೇ? ತಾನು ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವಳು. ತಾನು ಸತ್ತ ದಿನ ಇದರ ಅರ್ಧದಷ್ಟಾದರೂ ಜನ ಬಂದಾರೆಯೇ? ಸಾವಿನ ಮನೆಯಲ್ಲಿ ಇದೆಂಥ ಯೋಚನೆ ಎಂದು ನಾಚಿಕೆಯಾಯಿತು. ನಾಚಿಕೊಂಡೇ ಅರವತ್ತನಾಲ್ಕನೆಯ ಜೋಡಿಯನ್ನು ಗೋಡೆಗೆ ಒತ್ತರಿಸಿದಳು.

"ಅತ್ತಿಗೆ, ಅದನ್ನೆಲ್ಲ ಬಿಡಿ. ಅವಳನ್ನ ಕರ್ಕೊಂಡು ಹೊರಡೋ ಹೊತ್ತಾಯ್ತು," ಎಂದ ಮೈದುನ. ಸತ್ತವಳ ಗಂಡ. ಅವನ ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿ ಬಿದ್ದಿದ್ದವು. ನಿನ್ನೆ ಬೆಳಿಗ್ಗೆ ಡಿಪೋದಲ್ಲಿ ಮೇಜಿನ ಮೇಲೆ ತಲೆಯಿಟ್ಟ ಅವನ ಹೆಂಡತಿ ಮತ್ತೆ ಎತ್ತಲಿಲ್ಲ. ನಲವತ್ತಾರು ವರ್ಷ.

"ನೀವೆಲ್ಲ ಹೋಗ್ಬನ್ನಿ. ನಾನು ಅಡುಗೆ ನೋಡ್ಕೋತೀನಿ. ವಾಪಸ್ ಬರೋರು ಹಸ್ಕೊಂಡು ಬರ್ತಾರೆ."

"ಹೋಟ್ಲಿಂದ ತರ್ಸೋಣ ಅಂತಿದ್ದ ಅಣ್ಣ."

"ಯಾಕೆ, ನಾನಿನ್ನೂ ಬದುಕಿದೀನಲ್ಲ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೈದುನನಿಗೆ ಅದು ಕೇಳಿಸಿದಂತೆಯೂ ಇರಲಿಲ್ಲ. ಒಳಗೆ ಹೋಗಿ ಕಿರಿಸೊಸೆಯ ಮುಖವನ್ನು ಕೊನೆಯ ಸಲ ನೋಡಿದಳು. ಕೆಲಸ ಮುಗಿಸಿ ಮನೆಗೆ ಹೊರಟವರ ನಿರಾಳ ಆ ಮುಖದಲ್ಲಿತ್ತು. ಅದನ್ನು ಕಂಡೂ ಹಿರಿಸೊಸೆಗೆ ಹೊಟ್ಟೆಕಿಚ್ಚಾಯಿತು. ಅಳು ಬಂದದ್ದೂ ನಿಜ. ಯಾವುದು ಯಾವುದಕ್ಕೆ ಎಂದು ಬೇರೆ ಮಾಡಿ ಹೇಳುವುದು ಅವಳಿಗೂ ಕಷ್ಟವಿತ್ತು.

ಜನ ಹೊರಟು ಹೋದ ಮೇಲೆ ಸೆರಗು ಬಿಗಿದು ಕೆಳಮನೆಯ ಅಡುಗೆಮನೆಗೆ ಕಾಲಿಟ್ಟಳು. ಒಂದೇ ಕಟ್ಟಡದ ಮೇಲೆ ಕೆಳಗೆ ಇದ್ದೂ, ಎಂಟು ವರ್ಷದಿಂದ ಅವಳು ಈ ಮನೆಯಲ್ಲಿ ಒಂದು ತುತ್ತು ತಿಂದಿರಲಿಲ್ಲ. ಬೀರುವಿನ ಬಾಗಿಲಿಗೆ ಕಿರಿಸೊಸೆ ಅಂಟಿಸಿದ ವಾರದ ಊಟದ ಹಾಳೆ ಎದುರಿಗೇ ಇತ್ತು.

*

ಎಂಟು ವರ್ಷದ ಹಿಂದೆ ಕೆಳಮನೆಯಲ್ಲಿ ದಿನಾ ಸಂಜೆ ಅದೇ ರಾಗ, ಅದೇ ಹಾಡು. ಡಿಪೋದಿಂದ ಬಂದವಳು ಚೀಲ ಇಳಿಸುವ ಮೊದಲೇ ಗಂಡ ಕೇಳುತ್ತಿದ್ದ, "ಇವತ್ತೇನು ಊಟ?" ಅವಳು, "ನೀವೇ ಹೇಳಿ." ಅವನು, "ಏನಾದ್ರೂ ಮಾಡು." ಏನಾದರೂ ಮಾಡಿದರೆ, "ಇದಾ?" ಆಗ ನಾಲ್ಕು ವರ್ಷದವಳಾಗಿದ್ದ ಪುಟ್ಟಿ ಜೋರಾಗಿ ಅಳುತ್ತಿದ್ದಳು. ಮೇಲ್ಮನೆಯ ಕಿಟಕಿಯಲ್ಲಿ ನಿಂತು ಹಿರಿಸೊಸೆ ಇದನ್ನೆಲ್ಲ ಕಿವಿ ತುಂಬ ಕೇಳಿ, ತನ್ನ ಒಲೆಯ ಕಡೆ ಹೆಮ್ಮೆಯಿಂದ ತಿರುಗುತ್ತಿದ್ದಳು.

ಒಂದು ಭಾನುವಾರ ಕಿರಿಸೊಸೆ ಡ್ರೈವರುಗಳ ಡ್ಯೂಟಿ ಬರೆಯುವ ಗೆರೆಹಾಳೆಯೊಂದನ್ನು ಹಿಡಿದು ಮಹಡಿ ಹತ್ತಿ ಬಂದಳು.

"ಅಕ್ಕ, ಮುನ್ನೂರು ಡ್ರೈವರುಗಳಿಗೆ ಯಾವತ್ತು ಯಾವ ಬಸ್ಸು ಅಂತ ತಿಂಗಳು ಮೊದ್ಲೇ ಹೇಳ್ತೀನಿ. ಮನೇಲಿ ಮೂರು ಹೊಟ್ಟೆಗೆ ದಿನಾ ತಲೆ ಕೆಡಿಸ್ಕೋತೀನಿ. ನೋಡಿ, ವಾರಾನ ಹಂಚ್ಬಿಟ್ಟೆ."

ಸೋಮವಾರ ಸೂಪು, ಬ್ರೆಡ್ಡು. ಮಂಗಳವಾರ ಮೊಟ್ಟೆ. ಬುಧವಾರ ಒಂದೇ ಪಾತ್ರೆ, ಅದರೊಳಗೆ ಏನು ಬಿದ್ದರೂ ಸರಿ. ಶನಿವಾರ ಗಂಡನ ಪಾಳಿ, ಭಾನುವಾರ ಪುಟ್ಟಿಯ ಹುಕುಂ. ಹೀಗೆ ಏಳು ದಿನಕ್ಕೂ ಒಂದೊಂದು ಹಣೆಪಟ್ಟಿ.

ಹಿರಿಸೊಸೆ ಬಿದ್ದು ಬಿದ್ದು ನಕ್ಕಳು. "ಹೊಟ್ಟೆ ಏನು ಬಸ್ಸೇನೇ, ಹೇಳಿದ ಹೊತ್ತಿಗೆ ಬಂದು ನಿಲ್ಲೋಕೆ?"

"ಬಸ್ಸೂ ಹೇಳಿದ ಹೊತ್ತಿಗೆ ಬರಲ್ಲ ಅಕ್ಕ. ಆದ್ರೆ ಯಾವ ಬಸ್ಸು ಬರುತ್ತೆ ಅಂತ ಗೊತ್ತಿದ್ರೆ ಜನ ಜಗಳ ಆಡ್ದೆ ಕಾಯ್ತಾರೆ."

ಆ ನಗು ಎರಡು ತಿಂಗಳು ಬಾಳಲಿಲ್ಲ. ಕೆಳಮನೆಯ ಸಂಜೆಯ ಜಗಳ ನಿಂತು, ಅಲ್ಲಿಂದ ನಗು ಮೇಲಕ್ಕೆ ಬರತೊಡಗಿತು. ಮೊದಲು ಹಿರಿಸೊಸೆಯ ಮಗಳು ಪುಸ್ತಕ ತರುವ ನೆಪದಲ್ಲಿ ಇಳಿದು ಊಟ ಮಾಡಿಕೊಂಡು ಬಂದಳು. ಆಮೇಲೆ ಗಂಡ. ಮಂಗಳವಾರ ಬಂತೆಂದರೆ ಅವನಿಗೆ ಕಾಲು ಆಡಿಸಿಕೊಂಡು ಬರುವ ಹುಚ್ಚು. ಹಿಂದಿರುಗಿದಾಗ ಮೀಸೆಯ ತುದಿಯಲ್ಲಿ ಮೊಟ್ಟೆಯ ಹಳದಿ. ಇನ್ನೊಬ್ಬಳ ಸಹವಾಸ ಮಾಡಿ ಬಂದ ಗಂಡನನ್ನಾದರೆ ಬೀದಿಗೆ ಕೇಳುವಂತೆ ಬೈಯಬಹುದು. ತಮ್ಮನ ಮನೆಯಲ್ಲಿ ಬೇಯಿಸಿದ ಮೊಟ್ಟೆ ತಿಂದು ಬಂದವನನ್ನು ಯಾವ ಬಾಯಿಂದ ಬೈಯುವುದು? ಹಿತ್ತಲ ಗಿಡ ಮದ್ದಲ್ಲ ಎಂದು ಗೋಡೆಗೆ ಹೇಳಿ, ತಾನು ಮಾಡಿದ ಮೂರು ಬಗೆಯನ್ನು ಒಬ್ಬಳೇ ಬಡಿಸಿಕೊಂಡು ಕೂರುತ್ತಿದ್ದಳು. ಎರಡನೇ ಬಗೆಗೆ ಬರುವಷ್ಟರಲ್ಲಿ ಹಸಿವು ಸತ್ತಿರುತ್ತಿತ್ತು.

*

ಇವತ್ತು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಕೆಳಮನೆಯ ಒಲೆಯ ಮೇಲೆ ಏಳು ಪಾತ್ರೆ ಸಿದ್ಧವಾಗಿದ್ದವು. ಬೆಣ್ಣೆ ಹಾಕಿ ಉದುರುದುರಾಗಿ ಮಾಡಿದ ಅನ್ನ, ಕೆಂಪಗೆ ಹುರಿದ ಆಲೂಗಡ್ಡೆ, ಹಸಿರು ಬಣ್ಣ ಕೆಡದ ಹಾಗೆ ಬೇಯಿಸಿದ ಬೀನ್ಸು, ಬೆರಳಿಗೆ ಕರಗುವ ಕಾಳು. ಕ್ಯಾಂಟೀನಿನ ಮ್ಯಾನೇಜರು ಅಡುಗೆಮನೆಗೆ ಬಂದು ಕೈಮುಗಿದಿದ್ದು ಈ ಕಾಳಿಗೇ. ಸಾವಿನ ಮನೆಗೆ ಇಷ್ಟೆಲ್ಲ ಯಾಕೆ ಎಂದು ಅವಳ ಒಳಗೇ ಯಾರೋ ಕೇಳಿದರು. ಬೇಕು ಎಂದು ಉರಿ ದೊಡ್ಡದು ಮಾಡಿದಳು. ಎಂಟು ವರ್ಷ ಕೆಳಗಿಳಿದು ಹೋದವರೆಲ್ಲ ಇವತ್ತು ಇದೇ ಮೇಜಿನ ಮುಂದೆ ಕೂತು ತನ್ನ ಕೈರುಚಿ ತಿನ್ನಬೇಕು. ಒಬ್ಬರಾದರೂ ಒಂದು ಮಾತು ಹೇಳಬೇಕು. ಆ ಒಂದು ಮಾತು ಸಿಕ್ಕರೆ ಅವಳು ಸತ್ತವಳನ್ನು ಕ್ಷಮಿಸಲು ತಯಾರಿದ್ದಳು.

ಜನ ಬಂದರು, ಕೈ ತೊಳೆದರು, ತಿಂದರು. ಹಿರಿಸೊಸೆ ಸೌಟು ಹಿಡಿದು ಗೋಡೆಗೆ ಒರಗಿ ಒಬ್ಬೊಬ್ಬರ ಮುಖ ನೋಡುತ್ತ ನಿಂತಳು. ತಟ್ಟೆಗಳು ಖಾಲಿಯಾಗುತ್ತಿದ್ದವು, ಬಾಯಿಗಳು ಮಾತ್ರ ಬಿಗಿದಿದ್ದವು. ಸಾವಿನ ಮನೆಯ ಊಟವನ್ನು ಯಾರೂ ಹೊಗಳುವುದಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. ಹೊಳೆದು, ತನ್ನ ದಡ್ಡತನಕ್ಕೆ ತಾನೇ ಹಲ್ಲು ಕಚ್ಚಿದಳು.

ಡಿಪೋದಲ್ಲಿ ಮೀಸೆ ಡ್ರೈವರ್ ಎಂದು ಎಲ್ಲರೂ ಕರೆಯುವ ಮುದುಕ ಮೂರನೆಯ ಸಲ ಕಾಳು ಹಾಕಿಸಿಕೊಂಡ. ಬಾಯಿ ತುಂಬಿಕೊಂಡು ತಲೆದೂಗಿದ. ಹಿರಿಸೊಸೆ ಒಂದು ಹೆಜ್ಜೆ ಮುಂದೆ ಬಂದಳು.

"ಏನು ಕೈಗುಣ ಅಂತೀಯ!" ಎಂದ ಅವನು ಪಕ್ಕದವನಿಗೆ. "ಒಂದ್ ಮಂಗಳವಾರ ಲೇಟಾಗಿ ಡ್ಯೂಟಿ ಮುಗೀತು. ಮೇಡಮ್ಮು ಕರ್ಕೊಂಡು ಬಂದು ಇಲ್ಲೇ ಕೂರ್ಸಿ ಮೊಟ್ಟೆ ಹಾಕಿದ್ರು. ಆ ಮೊಟ್ಟೆ ರುಚಿ ಇನ್ನೂ ನಾಲಿಗೆ ಮೇಲಿದೆ ಕಣಯ್ಯ."

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಎಂದು ಗೊಣಗಿ ಹಿರಿಸೊಸೆ ಅಡುಗೆಮನೆಗೆ ನಡೆದಳು. ತನ್ನ ಕಾಳು ಬಾಯಲ್ಲಿಟ್ಟುಕೊಂಡು ಅವಳ ಮೊಟ್ಟೆ ಹೊಗಳುತ್ತಾನಲ್ಲ, ಮನೆಹಾಳ!

ಪಾತ್ರೆ ತೊಳೆಯಲು ಮಗಳು ಹಿಂದೆಯೇ ಬಂದಳು. ಆಸ್ಪತ್ರೆಯಲ್ಲಿ ನರ್ಸು, ಯಾರ ಗಾಯವನ್ನೂ ನೋಡದ ಹಾಗೆ ನಟಿಸುವುದು ಅವಳಿಗೆ ಬರುವುದಿಲ್ಲ.

"ಯಾಕಮ್ಮ ಹಾಗೆ ಪಾತ್ರೆ ಕುಕ್ತೀಯ?"

"ಒಂದು ಕೇಳ್ತೀನಿ, ನಿಜ ಹೇಳು. ಅವಳ ಅಡುಗೇಲಿ ಅಂಥದ್ದೇನಿತ್ತು?"

"ಇವತ್ತು ಬೇಡ ಬಿಡಮ್ಮ."

"ಇವತ್ತೇ ಹೇಳು."

ಮಗಳು ನಲ್ಲಿ ನಿಲ್ಲಿಸಿದಳು. "ಅಡುಗೇಲಿ ಏನೂ ಇರ್ಲಿಲ್ಲ. ಚಿಕ್ಕಮ್ಮನಿಗೆ ಉಪ್ಪು ಹಾಕೋದೂ ಸರಿಯಾಗಿ ಬರ್ತಿರ್ಲಿಲ್ಲ. ಆದ್ರೆ ಅಲ್ಲಿ ಊಟ ಮಾಡುವಾಗ ಯಾರೂ ನನ್ನ ಮುಖ ನೋಡ್ತಿರ್ಲಿಲ್ಲ."

"ಅಂದ್ರೆ?"

"ನೀನು ಬಡಿಸಿ ಸೌಟು ಹಿಡ್ಕೊಂಡು ನಿಂತ್ಕೋತೀಯ. ಮೊದಲ ತುತ್ತಿಂದ ಮುಖ ನೋಡ್ತೀಯ. ಹೇಗಿದೆ ಅಂತ ಹೇಳೋವರೆಗೂ ಬಿಡಲ್ಲ. ಚೆನ್ನಾಗಿದೆ ಅಂದ್ರೆ, ಯಾಕೆ ಅಷ್ಟು ಮೆತ್ತಗೆ ಹೇಳ್ದೆ ಅಂತೀಯ. ನಾನೂ ಅಪ್ಪನೂ ನಿನ್ನ ಮುಂದೆ ಊಟ ಮಾಡ್ತಿರ್ಲಿಲ್ಲಮ್ಮ, ಪರೀಕ್ಷೆ ಬರೀತಿದ್ವಿ."

"ನಾನು ಹೆತ್ತ ಮಗಳು ನೀನು, ಅವಳ ಕಡೆ ಸಾಕ್ಷಿ ಹೇಳ್ತೀಯ?"

ಮಗಳು ಅವಳ ಕೈಯಿಂದ ತಟ್ಟೆ ಬಿಡಿಸಿಕೊಂಡು ತೊಳೆದಳು. ಹಿರಿಸೊಸೆಗೆ ಮೈಯೆಲ್ಲ ಉರಿಯಿತು. ಅದು ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬದುಕಿದ್ದವಳ ಮೇಲೆ ಎಂದಾದರೊಂದು ದಿನ ಗೆಲ್ಲಬಹುದಿತ್ತು. ಈಗ ಕಿರಿಸೊಸೆ ಆಟ ಮುಗಿಸಿ ಎದ್ದೇ ಹೋಗಿದ್ದಳು.

*

ಹೋದ ವರ್ಷ ಒಂದು ಸಂಜೆ ಕಿರಿಸೊಸೆ ಪೆನ್ಸಿಲು ಹಿಡಿದು ಬಂದಿದ್ದಳು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ಅಕ್ಕ, ಶುಕ್ರವಾರ ಖಾಲಿ ಮಾಡಿದೀನಿ. ನಿಮ್ಮ ಹೆಸರು ಬರ್ಕೊಳ್ಲಾ?"

"ನಿನ್ನ ಪಾಳಿ ಮೇಲೆ ಒಲೆ ಹಚ್ಚೋಕೆ ನಾನೇನು ನಿನ್ನ ಡ್ರೈವರಾ?"

"ಒಲೆ ಹಚ್ಚೋಕಲ್ಲ ಅಕ್ಕ, ಬಂದು ಕೂತ್ಕೊಳ್ಳೋಕೆ. ನೀವು ಕೂತು ಊಟ ಮಾಡಿದ್ದನ್ನ ನಾನು ನೋಡೇ ಇಲ್ಲ."

ಕರುಣೆ ತೋರಿಸಲು ಬಂದಿದ್ದಾಳೆ ಎಂದು ಹಿರಿಸೊಸೆಗೆ ಕಿಡಿ ಹತ್ತಿತು. "ನೋಡೋಣ," ಎಂದು ಹೇಳಿ ಬಾಗಿಲು ಮುಂದೆ ಮಾಡಿದಳು. ಕಿರಿಸೊಸೆ ಕಂಬಿ ಹಿಡಿದು ನಿಧಾನವಾಗಿ ಇಳಿದು ಹೋದ ಸದ್ದು ಬಾಗಿಲಿನ ಆಚೆಯಿಂದ ಬಹಳ ಹೊತ್ತು ಕೇಳಿಸಿತು. ಆಮೇಲೆ ಅವಳು ಮತ್ತೆ ಕರೆಯಲಿಲ್ಲ.

*

ಸಂಜೆ ಆರೂವರೆಗೆ ಕೊನೆಯ ನೆಂಟರೂ ಹೊರಟರು. ಉಳಿದವರು ಐದು ಜನ. ಮೈದುನ ಮೇಜಿನ ಮುಂದೆ ಕೂತು ಎಲ್ಲರನ್ನೂ ಒಂದು ಸುತ್ತು ನೋಡಿ, ಎಂದಿನದೋ ಹಳೆಯ ಅಭ್ಯಾಸಬಲದಿಂದ ಬಾಯಿ ತೆರೆದ.

"ಇವತ್ತೇನು..."

ಪ್ರಶ್ನೆ ಅಲ್ಲಿಗೇ ನಿಂತುಬಿಟ್ಟಿತು. ಎಂಟು ವರ್ಷದಿಂದ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹಿರಿಸೊಸೆಯ ಗಂಡ ತಮ್ಮನ ಬೆನ್ನ ಮೇಲೆ ಕೈಯಿಟ್ಟು ಕಿಟಕಿಯ ಕಡೆ ತಿರುಗಿದ.

"ಗುರುವಾರ," ಎಂದಳು ಪುಟ್ಟಿ. ಹನ್ನೆರಡು ವರ್ಷದ ಹುಡುಗಿ. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು. "ಗುರುವಾರ ಉಳಿದಿದ್ದು ತಿನ್ನೋದು. ನಾನು ಮಾಡ್ತೀನಿ."

ದೊಡ್ಡ ಬಾಣಲೆ ಒಲೆಗೆ ಏರಿತು. ಹಿರಿಸೊಸೆ ನೋಡುತ್ತಿದ್ದಂತೆಯೇ ಅನ್ನ ಬಿತ್ತು, ಅದರ ಮೇಲೆ ಆಲೂಗಡ್ಡೆ, ಅದರ ಮೇಲೆ ಬೀನ್ಸು. ಮ್ಯಾನೇಜರು ಕೈಮುಗಿದಿದ್ದ ಕಾಳೂ ಅದರೊಳಗೇ ದಬಕ್ಕನೆ ಬಿತ್ತು. ಪುಟ್ಟಿ ಸೌಟಿನಲ್ಲಿ ಎಲ್ಲವನ್ನೂ ಸೇರಿಸಿ ತಿರುವಿ ಕಲಸಿದಳು. ಬೆಳಿಗ್ಗೆಯಿಂದ ಒಂದೊಂದಕ್ಕೂ ಒಂದೊಂದು ಹದ ಇಟ್ಟು ಮಾಡಿದ್ದು ಒಂದೇ ಮುದ್ದೆಯಾಯಿತು. "ಅಯ್ಯೋ," ಎಂದು ಹಿರಿಸೊಸೆ ಅರ್ಧ ಎದ್ದಳು. ಮಗಳು ಅವಳ ಮೊಣಕೈ ಹಿಡಿದು ಕೂರಿಸಿದಳು. ಆಮೇಲೆ ಪುಟ್ಟಿ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಉಪ್ಪು ಆಗಲೇ ಇದೆ ಎನ್ನಲು ಹೊರಟ ಹಿರಿಸೊಸೆ ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದು ಕೂತಳು.

ಬಾಣಲೆಯೂ ತಟ್ಟೆಗಳೂ ಮೇಜಿಗೆ ಬಂದವು. ಗಂಡ, ಮಗಳು, ಮೈದುನ ಮೂವರೂ ತಲೆ ಬಗ್ಗಿಸಿ ತಿನ್ನತೊಡಗಿದರು. ಮೈದುನ ಅಳುತ್ತಲೇ ತಿಂದ. ಯಾರೂ ಯಾರನ್ನೂ ನೋಡಲಿಲ್ಲ.

ಹಿರಿಸೊಸೆ ಮೊದಲ ತುತ್ತು ಬಾಯಿಗಿಟ್ಟಳು. ಉಪ್ಪು ನಾಲಿಗೆಗೆ ಹತ್ತಿ ಉರಿಯಿತು. ಆಲೂಗಡ್ಡೆ ಕಲಸಿ ಹಿಟ್ಟಾಗಿತ್ತು, ಬೀನ್ಸಿನಲ್ಲಿ ಬೀನ್ಸಿನ ರುಚಿಯೇ ಇರಲಿಲ್ಲ. ಆಗ ಮೈಮೇಲೆ ಏನೋ ಬಿದ್ದ ಹಾಗಾಗಿ ಕಣ್ಣೆತ್ತಿದಳು. ಪುಟ್ಟಿ ತಾನು ತಿನ್ನದೆ, ಸೌಟು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ.

ಹಿರಿಸೊಸೆ ತಲೆ ತಗ್ಗಿಸಿದಳು. ನಾಲ್ಕು ತುತ್ತಿಗೆ ತಟ್ಟೆ ಖಾಲಿ ಮಾಡಿದಳು. ಮುಖ ಎತ್ತದೆಯೇ ತಟ್ಟೆಯನ್ನು ಬಾಣಲೆಯ ಕಡೆಗೆ ತಳ್ಳಿದಳು.

ಪುಟ್ಟಿ ಎರಡು ಸೌಟು ಬಡಿಸಿದಳು. ಆಮೇಲೆ ಸೌಟನ್ನು ಬಾಣಲೆಯೊಳಗೆ ಬಿಟ್ಟು, ದೊಡ್ಡಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಊಟಕ್ಕೆ ಕೂತಳು.