ಗೋರುಬಲೆ ಹಿಡಿದ ಕೈ

"ಎಡಕ್ಕೆ, ಎಡಕ್ಕೆ! ಗೋಡೆಗೆ ತಾಗತ್ತೆ, ನಿಧಾನ!" ಎಂದು ಹಿಂದಿನಿಂದ ಐಸಣ್ಣ ಕೂಗಿದ.

ಶವಪೆಟ್ಟಿಗೆ ಕಡಿದಾದ ಮೆಟ್ಟಿಲುಗಳನ್ನು ಇಳಿಯುತ್ತಿತ್ತು. ಮುಂಭಾಗಕ್ಕೆ ಹೆಗಲು ಕೊಟ್ಟವನು ಸತ್ತವನ ಬಾಮೈದ. ಅವನು ಒಂದೊಂದು ಮೆಟ್ಟಿಲನ್ನೂ ಹೆಬ್ಬೆರಳಿನಿಂದ ತಡವಿ, ಅದು ಅಲ್ಲಿಯೇ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಭಾರ ಬಿಡುತ್ತಿದ್ದ.

"ಪಾಪ, ಕಾಲೇ ಏಳ್ತಿಲ್ಲ ನೋಡು. ಭಾವ ಅಂದ್ರೆ ಅಷ್ಟು ಪ್ರಾಣ," ಎಂದು ಕೆಳಗಿನಿಂದ ಒಬ್ಬ ಹೆಂಗಸು ನಿಟ್ಟುಸಿರುಬಿಟ್ಟಳು.

ಆ ಕನಿಕರ ಬಾಮೈದನ ಬೆನ್ನಿಗೆ ಪೆಟ್ಟಿಗೆಗಿಂತ ಭಾರವಾಯಿತು. ಕಾಲು ಏಳದಿರುವುದು ದುಃಖದಿಂದಲ್ಲ, ಬಲಗಣ್ಣಿನಲ್ಲಿ ಬೆಳಕಿರಲಿಲ್ಲ. ನೋಡುವವರಿಗೆ ಆ ಕಣ್ಣಿನಲ್ಲಿ ಯಾವ ಊನವೂ ಕಾಣದು. ಒಂಟಿ ಕಣ್ಣಿಗೆ ಜಗತ್ತು ಗೋಡೆಗೆ ಅಂಟಿಸಿದ ಚಿತ್ರದಂತೆ. ಯಾವುದು ಹತ್ತಿರ, ಯಾವುದು ಒಂದು ಗೇಣು ಆಚೆ ಎಂಬುದೇ ತಿಳಿಯದು. ಈ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಪೆಟ್ಟಿಗೆಯೊಳಗೆ ಮಲಗಿದ್ದವನಿಗಂತೂ ಹೇಳಿರಲೇ ಇಲ್ಲ.

*

ಅವರಿಬ್ಬರೂ ಹಿಡಿಯುತ್ತಿದ್ದದ್ದು ಗೊರಕೆ ಮೀನು. ದೋಣಿಗೆ ಬಿದ್ದೊಡನೆ ಗೊರಗೊರ ಸದ್ದು ಮಾಡುವುದರಿಂದ ಅದಕ್ಕೆ ಆ ಹೆಸರು. ಮೈಯೆಲ್ಲ ಬೆಳ್ಳಿ, ಸೊಕ್ಕು ಮೊಳದುದ್ದ. ಆದರೆ ಬಾಯಿ ಮಾತ್ರ ನೆನೆದ ಕಾಗದ. ಗಾಳಕ್ಕೆ ಸಿಕ್ಕ ಮೇಲೆ ದಾರವನ್ನು ತುಸು ಜಗ್ಗಿದರೂ ತುಟಿ ಹರಿದು, ಮೀನು ನೀರಿನ ಪಾಲು. ದಾರವನ್ನು ಬರಿಗೈಯಲ್ಲಿ ಹಿಡಿದು, ಮುನಿಸಿಕೊಂಡ ಮಗುವನ್ನು ಕರೆತರುವಂತೆ ಪುಸಲಾಯಿಸುತ್ತ ದೋಣಿಯ ಪಕ್ಕಕ್ಕೆ ತರಬೇಕು. ಭಾವ ಅದರಲ್ಲಿ ಎಷ್ಟು ನುರಿತವನೆಂದರೆ ದೋಣಿಗಳು ತಂಗುವ ದಕ್ಕೆಯ ಮಂದಿ ಅವನನ್ನು ಮೆತ್ತಗೈ ಎಂದೇ ಕರೆಯುತ್ತಿದ್ದರು.

ಆದರೆ ಮೆತ್ತನೆಯ ಕೈಯೊಂದೇ ಸಾಲದು. ಮೀನು ಪಕ್ಕಕ್ಕೆ ಬಂದ ಗಳಿಗೆಯಲ್ಲಿ ಇನ್ನೊಬ್ಬ, ಅಂದರೆ ಬಾಮೈದ, ಉದ್ದ ಹಿಡಿಯ ಗೋರುಬಲೆಯನ್ನು ಅದರ ಹೊಟ್ಟೆಯ ಕೆಳಗೆ ತೂರಿಸಿ ಎತ್ತಬೇಕು. ತಡವಾದರೆ, ಬಲೆಯ ಬಳೆ ದಾರಕ್ಕೆ ತಗುಲಿದರೆ, ಮೀನು ಕೊಸರುತ್ತದೆ, ತುಟಿ ಹರಿಯುತ್ತದೆ.

ಬಾಮೈದನ ಕಣ್ಣು ಹೋದ ಮೇಲೆ, ಬಲೆಯ ಬಳೆ ತಗುಲಿ ಮೊದಲ ಮೀನು ತಪ್ಪಿದಾಗ ಭಾವನೇ ನಕ್ಕಿದ್ದ. "ನಾನೇ ಜಗ್ಗಿಬಿಟ್ಟೆ ಕಣೋ! ನಿಮ್ಮಕ್ಕನ ಮೇಲಿನ ಸಿಟ್ಟು ಮೀನಿನ ಮೇಲೆ."

ಬಾಮೈದನೂ ನಕ್ಕ. ಆಗ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇಬ್ಬರ ದೋಣಿಯಲ್ಲಿ ಒಕ್ಕಣ್ಣನಿಗೆ ಜಾಗವೆಲ್ಲಿ? ಮುಂದಿನ ಸಲ ಸರಿಹೋದೀತು ಎಂದುಕೊಂಡ. ಮುಂದಿನ ಸಲ ಇನ್ನಷ್ಟು ಮೀನುಗಳು ಹೋದವು.

ತನ್ನ ಕೈಯೇ ಒರಟಾಯಿತೆಂದು ಭಾವ ಸೌದೆ ಒಡೆಯುವುದನ್ನು ಬಿಟ್ಟ. ಅಂಗೈಗೆ ಎಣ್ಣೆ ತಿಕ್ಕಿಕೊಂಡ. ಕೊನೆಗೆ ಹಿತ್ತಿಲಿನಲ್ಲಿ ಬಕೆಟ್ಟು ಇಟ್ಟುಕೊಂಡು, ನೆನೆಸಿದ ಕಾಗದಕ್ಕೆ ಗಾಳ ಸಿಕ್ಕಿಸಿ ಎಳೆಯುವ ಅಭ್ಯಾಸಕ್ಕೆ ಕುಳಿತ, ಅಕ್ಷರ ತಿದ್ದುವ ಹುಡುಗನಂತೆ.

"ಮನೇಲಿ ಹರಿಯಲ್ಲ ಕಣೋ, ನೋಡು," ಎಂದು ಕಾಗದವನ್ನು ಎತ್ತಿ ತೋರಿಸಿದ್ದ. "ಸಮುದ್ರದಲ್ಲಿ ಹರಿಯತ್ತೆ. ಅದೇನು ಮಾಯವೋ!"

ಬಾಮೈದ ಕಾಗದವನ್ನು ನೋಡಿದ, ಬಕೆಟ್ಟನ್ನು ನೋಡಿದ, ಭಾವನ ಮುಖವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ. ಆ ವರ್ಷವೇ ಭಾವ ದೋಣಿ ಬಿಟ್ಟು ಐಸ್ ಕಾರ್ಖಾನೆಯ ಗೇಟು ಕಾಯುವ ಕೆಲಸಕ್ಕೆ ಸೇರಿದ. ಅವನ ಜಾಗಕ್ಕೆ ಮಗಳು ಬಂದಳು.

*

ಮಣ್ಣು ಕೊಟ್ಟು ಬಂದ ಮೇಲೆ ಮನೆಯ ಒಳಕೋಣೆಯಲ್ಲಿ ಚಹಾದ ಲೋಟಗಳು ಸುತ್ತಿದವು. ಅಳು ತಗ್ಗಿ ಮಾತು ಚಿಗುರುವ ಹೊತ್ತು.

"ಬೈಗುಳಾನೂ ಮೆತ್ತಗೇ ಬೈತಿದ್ದ ಮಾರಾಯ," ಎಂದ ಐಸಣ್ಣ. ಅವನು ಆ ಐಸ್ ಕಾರ್ಖಾನೆಯ ಯಜಮಾನ. "ಐಸು ಕಮ್ಮಿ ಹಾಕಿದ್ರೆ, 'ಅಣ್ಣಾ, ಇದು ಐಸೋ, ನಿನ್ನ ಬೆವರೋ' ಅಂತಿದ್ದ."

ಅಕ್ಕ ಸೆರಗಿನ ಮರೆಯಲ್ಲಿ ನಕ್ಕಳು. ನಕ್ಕದ್ದಕ್ಕೇ ಮತ್ತೆ ಅತ್ತಳು. "ಕೈ ಕೆಟ್ಟ ಮೇಲೆ ಸಮುದ್ರದ ಕಡೆ ಕಿಟಕಿ ತೆಗೆಯೋಕೂ ಬಿಡ್ಲಿಲ್ಲ ಅವರು."

ಮಗಳು ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಐಸಣ್ಣ, ದೋಣಿ ಬೇಕು ಅಂತಿದ್ಯಲ್ಲ. ತಗೊಂಡ್ಬಿಡು."

"ಇವತ್ತೇ ಯಾಕೆ ಆ ಮಾತು, ತಾಯಿ?"

"ನಾಳೆ ಆದ್ರೆ ಮನಸು ಬರಲ್ಲ. ನಂಗೂ ಅಪ್ಪನ ಕೈಯೇ ಬಂದಿದೆ. ಬಂದ ಮೀನೆಲ್ಲ ಬಾಯಿ ಹರ್ಕೊಂಡು ಹೋಗ್ತವೆ. ಬೇಕಾದ್ರೆ ಮಾವನ್ನ ಕೇಳು, ಬಲೆ ಹಿಡ್ಕೊಂಡು ಪಕ್ಕದಲ್ಲೇ ನಿಂತು ನೋಡ್ತಾರೆ. ಒಂದು ದಿನ ಬೈದಿಲ್ಲ, ಪಾಪ." ಲೋಟಗಳ ಗೋಪುರ ವಾಲಿತು, ಹಿಡಿದುಕೊಂಡಳು. "ನಿನ್ನ ಕಾರ್ಖಾನೆಗೇ ಬರ್ತೀನಿ. ಐಸ್ ಎತ್ತೋಕೆ ಮೆತ್ತಗಿನ ಕೈ ಬೇಕಿಲ್ಲವಲ್ಲ?"

ಬಾಮೈದ ಕೈಯಲ್ಲಿದ್ದ ಲೋಟದಿಂದ ತಲೆಯೆತ್ತಿದ. "ಅದು..."

"ಏನು ಮಾವ?"

ಕೋಣೆಯಲ್ಲಿದ್ದ ಎಲ್ಲ ಕಣ್ಣುಗಳೂ ಅವನತ್ತ ತಿರುಗಿದವು. ಅವುಗಳಲ್ಲಿ ಅಕ್ಕನವೂ ಇದ್ದವು, ಊದಿಕೊಂಡು ಕೆಂಪಾಗಿ.

"ಏನಿಲ್ಲ. ಚಹಾ ಬಿಸಿ ಇದೆ," ಎಂದ.

ಅದು ಆರಿ ಎಷ್ಟೋ ಹೊತ್ತಾಗಿತ್ತು.

*

ಇಳಿಬಿಸಿಲಿನಲ್ಲಿ ಐಸಣ್ಣ, ಬಾಮೈದ, ಮಗಳು ಮೂವರೂ ದಕ್ಕೆಗೆ ನಡೆದರು. ಐಸಣ್ಣ ದೋಣಿಗೆ ಇಳಿದು ಹಲಗೆಗಳನ್ನು ಗುದ್ದಿ ನೋಡಿದ. ಬಗ್ಗಿ ಎಂಜಿನ್ನನ್ನು ಮೂಸಿದ. ಬಾಮೈದ ಅವನ ಹಿಂದೆ ಇಳಿದು ಅಂಚು ಹಿಡಿದು ನಿಂತ. ಮಗಳು ದಕ್ಕೆಯ ಮೇಲೆಯೇ ಉಳಿದಳು. ದೋಣಿಯೊಳಕ್ಕೆ ಕಾಲಿಡುವ ಮನಸ್ಸು ಅವಳಿಗಿರಲಿಲ್ಲ.

"ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ. ಕೀ ಎಲ್ಲಿ?" ಎಂದ ಐಸಣ್ಣ.

ಕೀ ಅವಳ ಬಳಿಯಿತ್ತು. ಕೊಡಲು ಬಗ್ಗಿದಳು.

"ಬಗ್ಗಬೇಡ," ಎಂದ ಬಾಮೈದ. ಅವನ ದನಿ ಅವನಿಗೇ ಪರಕೀಯವಾಗಿತ್ತು. "ಅಲ್ಲಿಂದಲೇ ಎಸೆ. ನಂಗೆ ಎಸೆ."

ಎಸೆದಳು. ಕೀ ಅವನ ಎದೆಗೆ ಬಡಿದು ಹಲಗೆಯ ಮೇಲೆ ಉರುಳಿತು. ಅದು ಬಿದ್ದು ಸದ್ದಾದ ಮೇಲೆ ಅವನ ಎರಡು ಅಂಗೈಗಳೂ ಗಾಳಿಯಲ್ಲಿ ಕೂಡಿಕೊಂಡವು.

"ಅಯ್ಯೋ, ನಿದ್ದೆಗೆಟ್ಟಿದ್ದೀಯ ಮಾರಾಯ," ಎಂದು ಐಸಣ್ಣ ಬಗ್ಗಹೋದ.

"ನೀನು ಮುಟ್ಟಬೇಡ." ಬಾಮೈದ ತಾನೇ ತಡಕಾಡಿ ಹೆಕ್ಕಿಕೊಂಡು ಮೇಲಕ್ಕೆ ಎಸೆದ. "ಇನ್ನೊಂದ್ಸಲ ಎಸೆ."

"ಮಾವ, ಇದೆಂಥ ಆಟ? ಇವತ್ತು?"

"ಎಸೆಯೇ, ಅಂದೆ. ನನ್ನ ಕೈ ನೋಡ್ತಾ ಎಸೆ."

ಈ ಬಾರಿ ಅವಳು ಎಳೆಗೂಸಿಗೆ ಚೆಂಡು ಹಾಕುವಷ್ಟು ನಿಧಾನವಾಗಿ ಎಸೆದಳು. ಕೀ ಅವನ ಭುಜದ ಎಲುಬಿಗೆ ತಾಗಿತು. ಅಂಗೈಗಳು ಮತ್ತೆ ತಡವಾಗಿ, ಒಂದು ಗೇಣು ಆಚೆ, ಏನೂ ಇಲ್ಲದ ಜಾಗದಲ್ಲಿ ಮುಚ್ಚಿಕೊಂಡವು. ಅವನು ಅವುಗಳನ್ನು ಬೇಗ ಬಿಡಿಸಲಿಲ್ಲ. ಅವಳು ನೋಡಲೆಂದು, ಗೋರುಬಲೆಯ ಹಿಡಿ ಹಿಡಿದವನಂತೆ, ಹಾಗೆಯೇ ನಿಂತ.



ಬಾಮೈದ ಕೀಯನ್ನು ಹೆಕ್ಕಿ, ಅದರ ತುದಿಯಿಂದ ಬಲಗಣ್ಣಿನ ಕೆಳಗೆ ಒಮ್ಮೆ ತಟ್ಟಿ, ಕೊನೆಯ ಬಾರಿ ಮೇಲಕ್ಕೆ ಎಸೆದ. ಅದೂ ಸೊಟ್ಟಗೆ, ದಿಕ್ಕು ತಪ್ಪಿ. ಮಗಳು ಅದರತ್ತ ತಿರುಗಿಯೂ ನೋಡಲಿಲ್ಲ. ಅವಳ ದೃಷ್ಟಿ ಅವನ ಬಲಗಣ್ಣಿನಲ್ಲಿ ನೆಟ್ಟಿತ್ತು. ಕೈಯೊಂದು ತಾನಾಗಿ ಚಾಚಿಕೊಂಡು, ಬೀಳುವ ಕಬ್ಬಿಣದ ಜೊತೆಗೇ ತುಸು ಕೆಳಗಿಳಿದು, ಸದ್ದೇ ಆಗದಂತೆ ಅದನ್ನು ಒಳಗೆಳೆದುಕೊಂಡಿತು.

"ಸ್ಟಾರ್ಟ್ ಮಾಡೋದೋ, ಬೇಡ್ವೋ?" ಎಂದು ಐಸಣ್ಣ ಮೆಲ್ಲನೆ ಕೇಳಿದ.

ಅವಳ ಬೆರಳುಗಳು ಕೀಯ ಮೇಲೆ ಒಂದೊಂದಾಗಿ ಮಡಿಚಿಕೊಂಡವು.