ಮೊದಲ ಕಲ್ಲಿಟ್ಟವರು

ಭಾಲ್ಕಿಯ ಬಂಧುತ್ವ ಸಂಘದ ಕಟ್ಟಡಕ್ಕೆ ಕೆಂಪುಕಲ್ಲಿನ ಗೋಡೆ, ಮೇಲೆ ತಗಡು. ಗೋಡೆಯ ಮೇಲೆ ಯಾರ ಹೆಸರೂ ಇಲ್ಲ. ಹೆಸರು ಕೆತ್ತಿದರೆ ಅದರ ಬೆನ್ನಿಗೇ ಜಾತಿ ಬರುತ್ತದೆಂದು ಹಿರಿಯರು ಬೇಡವೆಂದಿದ್ದರು. ಜಾತಿಯನ್ನು ಹೊಸ್ತಿಲಾಚೆ ನಿಲ್ಲಿಸಿದ ಅದೇ ಗಂಡಸರು ಹೆಂಗಸರನ್ನೂ ಅಲ್ಲೇ ನಿಲ್ಲಿಸಿದ್ದರು. ಸಭೆಯ ದಿನ ಅವರಿಗೆ ಹೊರಗಿನ ಕಟ್ಟೆ.

ಹೆಸರಿಲ್ಲದ ಆ ಕಟ್ಟಡದಲ್ಲಿ ಗೌರವ ಒಂದೇ ಇತ್ತು. ಮೊದಲ ಕಲ್ಲಿಟ್ಟ ಮನೆಯವರು ವಾರ್ಷಿಕೋತ್ಸವದಂದು ಬುದ್ಧನ ಮುಂದೆ ಮೊದಲ ಮೇಣದಬತ್ತಿ ಹಚ್ಚಬೇಕು. ಆ ಕಲ್ಲಿಟ್ಟವನು ಮಚ್ಛೇಂದ್ರನ ಅಜ್ಜನೆಂದೇ ಎಲ್ಲರ ನಂಬಿಕೆ; ಅಪ್ಪ ತೀರಿಕೊಂಡ ಮೇಲೆ ಬತ್ತಿಯನ್ನು ಅವನೇ ಹಚ್ಚುತ್ತಿದ್ದ.

ಈ ಸಲ ಕಟ್ಟಡದ ಚರಿತ್ರೆ ಹೇಳಲು ಬೀದರಿನ ಕಾಲೇಜಿನಲ್ಲಿ ಪಾಠ ಹೇಳುವ ಸಂಘಪಾಲ ಬಂದ. ಅವನೂ ಮಚ್ಛೇಂದ್ರನೂ ಒಂದೇ ಓಣಿಯವರು, ಸಾಲೆಯಲ್ಲಿ ಒಂದೇ ಬೆಂಚಿನವರು. ಸಂಘಪಾಲನ ಇಸ್ತ್ರಿ ಅಂಗಿ, ಅವನು ಕೆಮ್ಮಿದರೂ ಔರಾದಿನಿಂದ ಬಂದ ಅತಿಥಿಗಳು ತಲೆದೂಗುವುದು, ಎಲ್ಲವೂ ಮಚ್ಛೇಂದ್ರನ ಕಣ್ಣು ಕುಕ್ಕಿತು. ಮೊದಲ ಕಲ್ಲಿಟ್ಟವನು ತನ್ನಜ್ಜ ಎಂದು ಸಂಘಪಾಲ ಹೇಳಿದ. ಹಾಗಿದ್ದರೆ ಅವರೇ ಹಚ್ಚಲಿ ಎಂದು ಅಧ್ಯಕ್ಷ ಸುಶೀಲಕುಮಾರ ಕಡ್ಡಿಪೆಟ್ಟಿಗೆಯನ್ನು ಅವನತ್ತ ಚಾಚಿದ.

ಮಚ್ಛೇಂದ್ರ ಎದ್ದು ನಿಂತ.

“ಇವರಜ್ಜ ಯಾವ ಕಲ್ಲೂ ಇಟ್ಟಿಲ್ರಿ. ಆ ವರ್ಷ ಉದಗೀರಕ್ಕ ಕೂಲಿಗಿ ಹೋಗಿದ್ದ. ಓಣ್ಯಾಗ ಒಬ್ಬ ಗಂಡಸೂ ಇದ್ದಿಲ್ಲ. ಕಲ್ಲು ಹೊತ್ತವರು, ಪಾಯಾ ಇಟ್ಟವರು ಹೆಂಗಸರು. ನಮ್ಮಜ್ಜಿ ಸಾಯೂತನಕ ಹೇಳ್ಯಾಳ.”

ಸಂಘಪಾಲನ ಮುಖ ಇಳಿಯಿತು. ಆ ಸುಖ ಮಚ್ಛೇಂದ್ರನಿಗೆ ಒಂದು ಉಸಿರಿನಷ್ಟೇ ದಕ್ಕಿತು. ಕಟ್ಟೆಯ ಮೇಲಿಂದ ಅವನ ಹೆಂಡತಿ ಮನಿಷಾ ಕೇಳಿದಳು:

“ಹಂಗಾರ ನಿಮ್ಮ ಅಜ್ಜಾರು ಎಲ್ಲಿದ್ರು, ಹೇಳ್ರಿ.”

ಹೆಂಗಸರು ನಕ್ಕರು. ಮಚ್ಛೇಂದ್ರನ ಅಜ್ಜನೂ ಆ ವರ್ಷ ಉದಗೀರಕ್ಕೆ ಹೋದ ಅದೇ ಕೂಲಿಯವರ ಲಾರಿ ಹತ್ತಿದ್ದ.

ಮುದುಕಿ ಶೇವಂತಾಬಾಯಿ ಸೆರಗು ಬಿಗಿದುಕೊಂಡು ಹೊಸ್ತಿಲು ದಾಟಿದಳು. “ನಮ್ಮವ್ವ ಕಲ್ಲು ಹೊತ್ತ ಮನಿಗಿ ನಾ ಯಾರನ್ನ ಕೇಳಿ ಬರಬೇಕಪಾ?”

ಅವಳ ಹಿಂದೆ ಕಟ್ಟೆ ಖಾಲಿಯಾಯಿತು. ಗಂಡಸರು ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟು ಗೋಡೆಗೆ ಒರಗಿದರು. ಬಂಧುತ್ವ ಎಂದು ಹೆಸರಿಟ್ಟುಕೊಂಡ ಮನೆಯೊಳಗೆ ಅಕ್ಕತಂಗಿಯರು ಕಾಲಿಡಲು ಒಬ್ಬ ಗಂಡಸಿನ ಹೊಟ್ಟೆಕಿಚ್ಚು ಬೇಕಾಯಿತು. ಯಾರ ದೊಡ್ಡತನವೂ ಅಲ್ಲ.

ಮನಿಷಾ ಗಂಡನನ್ನು ದಾಟಿ ಹೋಗಿ, ಸುಶೀಲಕುಮಾರನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದು ಮುದುಕಿಗೆ ಕೊಟ್ಟಳು. ಒಂದು ಕಡ್ಡಿ ಆರಿತು. ಇನ್ನೊಂದಕ್ಕೆ ಬತ್ತಿ ಹೊತ್ತಿತು.

ಮೊದಲು ಚಪ್ಪಾಳೆ ತಟ್ಟಿದವನು ಸಂಘಪಾಲ. ಹೆಂಗಸರು ತಿರುಗಿ ಅವನನ್ನೇ ನೋಡಿ ಮೆಚ್ಚಿ ನಕ್ಕರು, ಮನಿಷಾ ಕೂಡ. ನಿಜ ಹೇಳಿದವನು ನಾನಲ್ಲವೇ ಎಂದು ಮಚ್ಛೇಂದ್ರನ ಎದೆ ಮತ್ತೆ ಉರಿಯತೊಡಗಿತು. ಸಂಘಪಾಲನಿಗಿಂತ ಜೋರಾಗಿ ತಾನೂ ತಟ್ಟಿದ. ಉಳಿದವರು ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದ.