ಮೈದಾನಕ್ಕೆ ಮಿಕ್ಕ ಜಾಗ

ನಮ್ಮೂರಿನ ಫುಟ್‌ಬಾಲ್ ತಂಡದ ಮಾಲೀಕನಿಗೆ ಫುಟ್‌ಬಾಲ್ ಕಂಡರಾಗದು. ಅವನು ಮಾರುವುದು ಬಚ್ಚಲುಮನೆಯ ಟೈಲ್ಸು. ತಂಡವನ್ನು ಕೊಂಡದ್ದು ಆಟಗಾರರ ಎದೆಯ ಮೇಲೆ ಟೈಲ್ಸಿನ ಹೆಸರು ಹಾಕಿಸಲಿಕ್ಕೆ. ಪಂದ್ಯದ ದಿನ ಬಂದು, ಆಟಕ್ಕೆ ಬೆನ್ನು ಹಾಕಿ ಕೂತು, ಅತಿಥಿಗಳಿಗೆ ತನ್ನ ಹೊಸ ಕಾರಿನ ಕಥೆ ಹೇಳುತ್ತಿದ್ದ. ಇಂಥವನು ಒಂದು ದಿನ ಪತ್ರಿಕೆಯವರನ್ನೆಲ್ಲ ಕರೆಸಿ, ಹಳೆಯ ಕ್ರೀಡಾಂಗಣದ ಸ್ಥಿತಿ ನೋಡಿ ತನ್ನ ಕರುಳು ಚುರ್ ಎನ್ನುತ್ತದೆ, ಊರಿನವರು ಹೊಸದು ಕಟ್ಟಿಕೊಡದಿದ್ದರೆ ತಂಡವನ್ನು ಬೇರೆ ಊರಿಗೆ ಒಯ್ಯುತ್ತೇನೆ ಎಂದ. ಊರಿಗೆ ಊರೇ ಎದೆ ಬಡಿದುಕೊಂಡಿತು. ಕುಡಿಯುವ ನೀರು ಬಾರದಿದ್ದಾಗ ಕೆಮ್ಮದೆ ಕೂತವರೂ ಬೀದಿಗಿಳಿದರು.

ನಾನು ಬೀದಿಗಿಳಿಯಲಿಲ್ಲ. ಆದರೆ ತಂಡ ಉಳಿಯುವುದು ಯಾರಿಗಾದರೂ ನಿಜವಾಗಿ ಬೇಕಿದ್ದರೆ ಅದು ನನಗೆ. ನನ್ನ ಗಂಡ ಆ ತಂಡದ ರಕ್ಷಣಾ ಆಟಗಾರ. ಜನ ಅವನನ್ನು ‘ಗೋಡೆ’ ಅನ್ನುತ್ತಿದ್ದರು. ಅವನು ತಂಡ ಬದಲಿಸಿದಾಗಲೆಲ್ಲ ಪಾತ್ರೆ ಪಡಗ ಕಟ್ಟಿಕೊಂಡು ಹಿಂದೆ ಹೋಗಿ ಹೋಗಿ ನನಗೆ ಸಾಕಾಗಿತ್ತು. ಇಲ್ಲಿಗೆ ಬಂದ ಮೇಲೆಯೇ ಕಟ್ಟಡ ವಿನ್ಯಾಸದ ಒಂದು ಆಫೀಸಿನಲ್ಲಿ ನನ್ನ ಓದಿಗೆ ತಕ್ಕ ಕೆಲಸ ಸಿಕ್ಕಿತ್ತು. ಮಗಳು ಶಾಲೆಗೆ ಹೊಂದಿಕೊಂಡಿದ್ದಳು. ಅತ್ತೆಯವರ ಮಂಡಿ ಇನ್ನೊಂದು ಮನೆಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. “ಈ ಸಲ ತಂಡ ಹೊರಟರೆ ನೀನೊಬ್ಬನೇ ಹೋಗು” ಎಂದು ಅವನಿಗೆ ಹೇಳಿಬಿಟ್ಟಿದ್ದೆ. ಹೋಗುತ್ತಾನೆ ಎಂಬುದೂ ನನಗೆ ಗೊತ್ತಿತ್ತು. ಚೆಂಡು ಎಲ್ಲಿಗೆ ಹೋದರೆ ಅವನೂ ಅಲ್ಲಿಗೆ.

ನಗರಸಭೆ ಮನೆಗಂದಾಯ ಏರಿಸಿ ಹಣ ಹೊಂದಿಸಿತು. ಸೊಪ್ಪಿನವಳ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡುವ ನಮ್ಮತ್ತೆ ಕಂದಾಯದ ಸಾಲಿನಲ್ಲಿ ಮೊದಲು ನಿಂತು ಕಟ್ಟಿ ಬಂದರು. ನಗರಾಧ್ಯಕ್ಷರು ಮಾಲೀಕನ ಜೊತೆ ಒಪ್ಪಂದ ಮಾಡಿಕೊಂಡು, ಎಲ್ಲ ಪತ್ರಿಕೆಗಳಲ್ಲೂ ಹಾಕಿಸಿದರು: ಲೀಗಿನ ನಿಯಮಕ್ಕೆ ತಕ್ಕ ಕ್ರೀಡಾಂಗಣ ಸಿಕ್ಕರೆ ತಂಡ ಇಲ್ಲೇ ಉಳಿಯುತ್ತದೆ, ಪ್ರತಿಯಾಗಿ ಅಲ್ಲಿ ದುಡ್ಡಿದ್ದವರು ಕೂತು ಆಟ ನೋಡುವ ಗಾಜಿನ ಕೋಣೆಗಳ ಬಾಡಿಗೆ ಮಾಲೀಕನಿಗೆ. ವಿನ್ಯಾಸದ ಕೆಲಸ ನಮ್ಮ ಆಫೀಸಿಗೆ ಬಂತು. ನಾನೇ ಕೇಳಿ ಹಾಕಿಸಿಕೊಂಡೆ. ಬೇರೆಯವರು ಹೆಸರಿಗೋ ಸಂಬಳಕ್ಕೋ ನಕ್ಷೆ ಬರೆದರೆ ನಾನು ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಬರೆಯಲು ಕೂತೆ.

ನಮ್ಮ ಆಫೀಸಿನ ಯಜಮಾನರನ್ನು ‘ದೊಡ್ಡವರು’ ಅನ್ನುತ್ತೇವೆ. ಬೇಸಿಗೆಯಲ್ಲೂ ಕತ್ತಿನ ತನಕ ಗುಂಡಿ ಹಾಕಿದ ಕಪ್ಪಂಗಿ; ಪೆನ್ಸಿಲ್ ಹಿಡಿದು ಯಾವ ಕಾಲವಾಯಿತೋ. ಕೆಲಸ ಕೊಟ್ಟವರು ಏನು ಕೇಳಿದರೂ ಆಗುವುದಿಲ್ಲ ಎನ್ನಬಾರದೆಂಬುದು ಅವರ ಶಾಸ್ತ್ರ. ನಿವೇಶನಕ್ಕೆ ಮೂರು ಕಡೆ ರಸ್ತೆ, ಒಂದು ಕಡೆ ರೈಲು ಹಳಿ. ಹೊರಗೆ ಒಂದು ಗೇಣೂ ಜರುಗುವಂತಿಲ್ಲ. ಹಾಗಾಗಿ ಯಾರು ಏನು ಕೇಳಿದರೂ ದೊಡ್ಡವರು ನನ್ನ ಬೆನ್ನ ಹಿಂದೆ ನಿಂತು, “ಸ್ವಲ್ಪ ಒಳಗೆ ತಳ್ಳಮ್ಮ” ಅನ್ನುತ್ತಿದ್ದರು. ಒಳಗೆ ಇದ್ದದ್ದು ಮೈದಾನ.

ಮಾಲೀಕ ಎರಡೂ ಗೋಲಿನ ಹಿಂದೆ ಗಾಜಿನ ಕೋಣೆಗಳನ್ನು ಕೇಳಿದ. ತಳ್ಳಿದೆವು. ಕೋಣೆ ಇದ್ದಮೇಲೆ ಅಡುಗೆಮನೆ ಬೇಡವೇ? ತಳ್ಳಿದೆವು. ಅಡುಗೆಯ ವಾಸನೆ ಅತಿಥಿಗಳಿಗೆ ಬಡಿಯದಂತೆ ನಡುವೆ ಒಂದು ಓಣಿ ಬೇಕೆಂದ. ನಗರಾಧ್ಯಕ್ಷರಿಗೆ ಇದುವರೆಗಿನ ಎಲ್ಲ ನಗರಾಧ್ಯಕ್ಷರ ಭಾವಚಿತ್ರ ತೂಗುಹಾಕುವ ಸಭಾಂಗಣ ಬೇಕಾಯಿತು. ಅವರದು ಬಾಗಿಲಿನ ಎದುರಿಗೇ, ಆಳೆತ್ತರ. ಅದಕ್ಕೂ ತಳ್ಳಿದೆವು. ಕಂಪ್ಯೂಟರಿನಲ್ಲಿ ಮೈದಾನವೆಂದರೆ ಒಂದು ಹಸಿರು ಚೌಕಟ್ಟು. ಅಂಚು ಹಿಡಿದು ಎಳೆದರೆ ಒಳಗಿನ ಬಿಳಿ ಗೆರೆ, ಗೋಲಿನ ಪೆಟ್ಟಿಗೆ, ನಡುವಿನ ವೃತ್ತ ಎಲ್ಲವೂ ಜೊತೆಗೇ ಕುಗ್ಗುತ್ತಿದ್ದವು. ಪರದೆಯ ಮೇಲೆ ಎಷ್ಟು ಕುಗ್ಗಿದರೂ ಅದು ಮೈದಾನದ ಹಾಗೆಯೇ ಕಾಣುತ್ತಿತ್ತು.

ಕಟ್ಟಡದ ಪುಟ್ಟ ಮಾದರಿ ಮಾಡಲು ಕೊಡುವ ಮುಂಚೆ ಮೈದಾನದ ಉದ್ದ ಎಷ್ಟಿದೆ ನೋಡೋಣವೆಂದು ಅಳೆದೆ. ಲೀಗಿನ ಕನಿಷ್ಠ ಅಳತೆಗೂ ಕಡಿಮೆ. ದೊಡ್ಡವರ ಕೋಣೆಗೆ ಹೋಗಿ ಹೇಳಿದೆ.

“ಎಷ್ಟು ಕಡಿಮೆ?” ಎಂದರು, ಕನ್ನಡಕ ಒರೆಸುತ್ತ.

“ಒಂದು ಸಾಲು ಗಾಜಿನ ಕೋಣೆ ತೆಗೆದರೆ ಸರಿಹೋಗುತ್ತೆ ಸರ್.”

“ಕೋಣೆ ತೆಗೀಬೇಕಾ? ನೀನೇ ಹೋಗಿ ಅವರಿಗೆ ಹೇಳ್ತೀಯಾ?” ಎಂದು ನಕ್ಕರು. “ಹೋಗ್ಲಿ ಬಿಡಮ್ಮ, ನಿನ್ನ ಗಂಡನಿಗೆ ಓಡೋದು ಕಡಿಮೆ ಆಗುತ್ತೆ, ಒಳ್ಳೇದೇ ಆಯ್ತು.”

ಈ ಮನುಷ್ಯನ ಗೋಡೆಯ ತುಂಬ ಪ್ರಶಸ್ತಿಗಳಿವೆ. ಕ್ರೀಡಾಂಗಣ ಕಟ್ಟಿ ಆಟಕ್ಕೇ ಜಾಗ ಬಿಡದ್ದಕ್ಕೆ ಇನ್ನೊಂದು ಕೊಡಬೇಕು.

ಮನೆಯಲ್ಲಿ ಗಂಡ ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಕಾಲು ಚಾಚಿ ಕೂತಿದ್ದ. ವಿಷಯ ಹೇಳಿ, “ಮೈದಾನ ನಿಯಮಕ್ಕೆ ಸರಿ ಇಲ್ಲದಿದ್ದರೆ ತಂಡ ಇಲ್ಲೇ ಉಳೀಬೇಕು ಅನ್ನೋ ಷರತ್ತು ಬಿದ್ದುಹೋಗುತ್ತೆ. ನಿಮ್ಮ ಮಾಲೀಕ ಬೇಕಂತಲೇ ಕೋಣೆ ಮೇಲೆ ಕೋಣೆ ಕೇಳ್ತಿದ್ದಾನೆ” ಎಂದೆ.

“ಛೇ, ಅವರು ಅಂಥವರಲ್ಲ ಕಣೇ. ನನ್ನ ಹೆಗಲ ಮೇಲೆ ಕೈ ಹಾಕಿ ನೀನು ನನ್ನ ಮಗನಿದ್ದ ಹಾಗೆ ಅಂದಿದ್ದಾರೆ.”

“ಟೈಲ್ಸ್ ಅಂಗಡಿಗೆ ಬಂದವರಿಗೆಲ್ಲ ಹಾಗೇ ಅಂತಾನೆ ಅವನು.”

“ನೀನು ಬಾಯಿ ಹಾಕ್ಬೇಡ. ಆಮೇಲೆ ನನ್ನನ್ನ ಬೆಂಚಲ್ಲಿ ಕೂರಿಸ್ತಾರೆ.”

ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಈ ಗಂಡಸಿನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತದೋ ಅಷ್ಟೇ ಪ್ರೀತಿ. ಅದಕ್ಕೇ ಬಾಯಿ ಹಾಕಲೇಬೇಕೆಂದು ತೀರ್ಮಾನಿಸಿದೆ.

ನಕ್ಷೆಗೆ ಒಪ್ಪಿಗೆ ಕೊಡುವ ಸಭೆಯಲ್ಲಿ ಮೇಜಿನ ನಡುವೆ ಮಾದರಿ ಇಟ್ಟಿದ್ದರು. ಗಾಜಿನ ಕೋಣೆಗಳಲ್ಲಿ ಪುಟ್ಟ ಪುಟ್ಟ ದೀಪ ಉರಿಯುತ್ತಿದ್ದವು. ಎಲ್ಲರೂ ಅದರ ಸುತ್ತ ಬಗ್ಗಿ, ಗೊಂಬೆ ಮನೆ ಕಂಡ ಮಕ್ಕಳ ಹಾಗೆ ಹಲ್ಲು ಬಿಡುತ್ತಿದ್ದರು. ನಾನು ಎದ್ದು ನಿಂತು ಮೈದಾನ ಗಿಡ್ಡವಾಗಿದೆ, ಒಂದು ಕಡೆಯ ಕೋಣೆಗಳನ್ನು ಕೈಬಿಡಬೇಕು ಎಂದೆ.

ಮಾಲೀಕ ನಗರಾಧ್ಯಕ್ಷರ ಸಭಾಂಗಣದ ಕಡೆ ನೋಡಿದ. ನಗರಾಧ್ಯಕ್ಷರು ಮಾಲೀಕನ ಕೋಣೆಗಳ ಕಡೆ ನೋಡಿದರು. ಇಬ್ಬರೂ ಸೇರಿ ಮೈದಾನದ ಕಡೆ ನೋಡಿದರು. ಅದಕ್ಕೆ ಯಾರೂ ದಿಕ್ಕಿರಲಿಲ್ಲ.

“ನಿಮ್ಮ ಕಾಳಜಿ ಮೆಚ್ಚಿದೆ ಅಮ್ಮ,” ಎಂದ ಮಾಲೀಕ. “ಲೀಗಿನವರು ನಮ್ಮವರೇ. ವಿನಾಯಿತಿ ತರೋ ಜವಾಬ್ದಾರಿ ನಂದು.”

ಚಪ್ಪಾಳೆ ಬಿತ್ತು. ಅದು ನಿಲ್ಲುವ ತನಕ ಕಾದು ಕೇಳಿದೆ: “ವಿನಾಯಿತಿ ಸಿಗದೇ ಇದ್ದರೆ ತಂಡ ಕರ್ಕೊಂಡು ಹೋಗೋಕೆ ನಿಮಗೇ ಅನುಕೂಲ. ನೀವು ಯಾಕೆ ತರ್ತೀರಿ?”

“ಯಾರು ಈಕೆ?” ಎಂದರು ನಗರಾಧ್ಯಕ್ಷರು.

“ಗೋಡೆಯ ಹೆಂಡತಿ ಸರ್,” ಎಂದರು ದೊಡ್ಡವರು ಹಲ್ಲು ಗಿಂಜಿ.

ಎಲ್ಲರೂ ಗೊಳ್ಳೆಂದು ನಕ್ಕರು. ಗಂಡನ ಜಾಗದ ಚಿಂತೆ ಪಾಪ, ಎಂದು ಯಾರೋ ಅಂದರು. ಅಷ್ಟರಲ್ಲಿ ಬಿಸ್ಕತ್ತು ಬಂತು. ಊರಿನ ಕಂದಾಯವೆಲ್ಲ ಯಾವ ಕಡೆ ಹರಿದು ಹೋಗುತ್ತಿದೆ ಎಂದು ಹೇಳಿದ ಮಾತಿಗಿಂತ ಬಿಸ್ಕತ್ತಿನ ತಟ್ಟೆಗೆ ಆ ಕೋಣೆಯಲ್ಲಿ ಹೆಚ್ಚು ಮರ್ಯಾದೆ ಇತ್ತು. ನಕ್ಷೆಗೆ ಒಪ್ಪಿಗೆಯಾಯಿತು. ಮರುದಿನದಿಂದ ದೊಡ್ಡವರು ನನಗೆ ಆಸ್ಪತ್ರೆಯೊಂದರ ಪಾರ್ಕಿಂಗ್ ನಕ್ಷೆ ಕೊಟ್ಟರು.

ಕ್ರೀಡಾಂಗಣ ಎದ್ದಿತು. ಉದ್ಘಾಟನೆಯ ಭಾಷಣಗಳು ಮುಗಿದ ಮೇಲೆ ಲೀಗಿನವರು ಟೇಪು ಹಿಡಿದು ಬಂದು, ಎರಡು ಸಲ ಅಳೆದು, ಆಗುವುದಿಲ್ಲ ಎಂದು ಬರೆದುಕೊಟ್ಟು ಹೋದರು. ಮಾಲೀಕ ಕ್ಯಾಮೆರಾಗಳ ಮುಂದೆ ಕಣ್ಣೀರು ಹಾಕಿದ. ಊರಿನವರು ಅವನಿಗೇ ಸಮಾಧಾನ ಹೇಳಿದರು. ನಗರಸಭೆಯ ಹಣೆಬರಹಕ್ಕೆ ಅವರೇನು ಮಾಡುತ್ತಾರೆ, ಎಂದು ನಮ್ಮತ್ತೆಯೂ ಕಣ್ಣೊರೆಸಿಕೊಂಡರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ತಂಡದ ಬಸ್ಸು ಹೊರಡುವ ಹಿಂದಿನ ದಿನ ನನ್ನ ಗಂಡ ಚೀಲ ಕಟ್ಟಿಟ್ಟಿದ್ದ. ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಆಗ ಮ್ಯಾನೇಜರನ ಫೋನು ಬಂತು: ಹೊಸ ಊರಿನಲ್ಲಿ ಹೊಸ ಹುಡುಗರು, ನಿಮ್ಮ ಮಂಡಿಗೂ ವಿಶ್ರಾಂತಿ ಬೇಕು. ಮಗನಿದ್ದ ಹಾಗೆ ಅಂದವನು ತಾನೇ ಮಾತಾಡಲಿಲ್ಲ. ಗಂಡ ಚೀಲದ ಪಕ್ಕದಲ್ಲಿ ಮಂಚದ ಮೇಲೆ ಕೂತುಬಿಟ್ಟ. ನಾನು ಅವನ ತಲೆಯನ್ನು ಎದೆಗೊತ್ತಿಕೊಂಡೆ. ಸಂಕಟವಾಯಿತು. ಮುಚ್ಚಿಡುವುದೇನು, ಇನ್ನು ಇವನು ಎಲ್ಲಿಗೂ ಹೋಗುವುದಿಲ್ಲ ಎಂದು ಒಳಗೊಳಗೇ ಹಾಯೆನಿಸಿತು.

ಆ ನೆಮ್ಮದಿ ಒಂದು ತಿಂಗಳೂ ಬಾಳಲಿಲ್ಲ. ತಂಡ ಹೋದರೆ ಕೋಣೆ ಬಿಟ್ಟುಕೊಡಬೇಕೆಂದು ಒಪ್ಪಂದದಲ್ಲಿ ಯಾರೂ ಬರೆಸಿರಲಿಲ್ಲ; ಗಾಜಿನ ಕೋಣೆಗಳನ್ನು ಮಾಲೀಕ ಕಂಪನಿಗಳ ಪಾರ್ಟಿಗೆ ಬಾಡಿಗೆಗೆ ಬಿಡತೊಡಗಿದ. ಬಾಗಿಲಲ್ಲಿ ಹಳೆಯ ಜೆರ್ಸಿ ತೊಟ್ಟು ನಿಂತು ಅತಿಥಿಗಳ ಕೈ ಕುಲುಕಲು, ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಒಬ್ಬ ಹೆಸರಾಂತ ಆಟಗಾರ ಬೇಕಿತ್ತು. ಗಂಡನಿಗೆ ಕರೆ ಬಂತು.

“ನೋಡಿದ್ಯಾ? ಮರೆತಿಲ್ಲ ಅವರು ನನ್ನನ್ನ,” ಎಂದ. ಅವನ ಮುಖ ಅರಳಿತ್ತು.

“ಬೇಡ,” ಎಂದೆ. “ಎಲ್ಲಾದರೂ ಕೋಚ್ ಆಗು. ಯಾವ ಊರಾದರೂ ಸರಿ. ನಾನೂ ಬರ್ತೀನಿ, ಕೆಲಸ ಬಿಟ್ಟು ಬರ್ತೀನಿ.”

ಅವನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಿದ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಅವನಿಗೆ ಅದು ಬರುವುದೂ ಇಲ್ಲ.

“ಯಾಕೆ? ಮನೆ ಹತ್ತಿರದ ಕೆಲಸ ಕಣೇ. ನಾನು ಇಲ್ಲೇ ಇರ್ಬೇಕು ಅಂತ ತಾನೇ ನೀನು ಅಷ್ಟು ಹೋರಾಡಿದ್ದು?”

ಇಡೀ ಊರನ್ನು ಹಂಗಿಸುವ ನಾನು ಕೆಳಗೆ ಕೂತು ಅವನ ಇನ್ನೊಂದು ಬೂಟಿನ ದಾರ ಕಟ್ಟಿಕೊಟ್ಟೆ. ಅವನು ಜೆರ್ಸಿಯ ಕಾಲರು ಸರಿಮಾಡಿಕೊಂಡು, ಊಟಕ್ಕೆ ಬಂದುಬಿಡುತ್ತೇನೆ ಎಂದು ಹೇಳಿ ಹೋದ.